ಅಪ್ಪನ ಕಾರಿಗೆ ಒಂದು ಇಂಜಿನ್ ಸ್ಟ್ಯಾಂಡ್

ಈ ಸಲ ನೀವೇ ಮಾತಾಡಿ ಅಂತ ನಮ್ಮ ವೇದಿಕೆಯ ಅಕ್ಕಂದಿರು ಹೇಳಿದಾಗ, ನಾನು ಕಂಪ್ಯೂಟರ್ ಬಗ್ಗೆ ಏನಾದರೂ ಹೇಳುತ್ತೇನೆ ಅಂದುಕೊಂಡಿದ್ದರು. ಇಂಜಿನ್ ಸ್ಟ್ಯಾಂಡ್ ಅಂದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ!

ಅಪ್ಪ ಹೋದಮೇಲೆ ಅವರ ಮಾರುತಿ 800 ಹುಬ್ಬಳ್ಳಿಯಿಂದ ಪುಣೆಗೆ, ನನ್ನ ಪಾಲಿಗೆ ಬಂತು. ಸೈಲೆನ್ಸರ್‌ನಿಂದ ನೀಲಿ ಹೊಗೆ, ಅಂದರೆ ಒಳಗೆ ಆಯಿಲ್ ಸುಡುತ್ತಿದೆ ಅಂತ ಅರ್ಥ. 15 ವರ್ಷ ದಾಟಿದ ಕಾರಿನ ನೋಂದಣಿ ಮುಂದುವರಿಸಬೇಕಾದರೆ ಫಿಟ್‌ನೆಸ್ ಪರೀಕ್ಷೆ ಪಾಸಾಗಬೇಕು. ಮೆಕ್ಯಾನಿಕ್ ನೋಡಿ "ಭಂಗಾರ್ ಆಹೆ" ಅಂದ. ಅಮ್ಮನಿಗೆ ಬಂಗಾರ ಅಂತ ಕೇಳಿಸಿ ಖುಷಿಯಾಯಿತು. ಮರಾಠಿಯಲ್ಲಿ ಅದು ಗುಜರಿ ಅಂತ ಹೇಳುವ ಧೈರ್ಯ ಆ ದಿನ ನನಗೆ ಬರಲಿಲ್ಲ. ನಾನೇ ಬಿಚ್ಚುತ್ತೇನೆ ಅಂತ ಹೊರಟಿದ್ದು ಹಾಗೆ.

796 ಸಿಸಿ, ಮೂರೇ ಸಿಲಿಂಡರಿನ ಪುಟ್ಟ ಇಂಜಿನ್. ಇದಕ್ಕೆ ಎಂಥ ಸ್ಟ್ಯಾಂಡ್ ಆದರೂ ಸಾಕು ಅಂದುಕೊಂಡು, ಪರಿಚಯದವರ ಗ್ಯಾರೇಜಿನಿಂದ ಮೂರು ಚಕ್ರದ್ದೊಂದು ಎರವಲು ತಂದೆ. ಹಿಂದೆ ಎರಡು ಚಕ್ರ, ಮುಂದೆ ಒಂದು. ಪಾರ್ಕಿಂಗಿನಲ್ಲಿ ಅಡ್ಡಕ್ಕೆ ತಳ್ಳುವಾಗ ಚಿಕ್ಕ ಚಕ್ರ ಚರಂಡಿಯ ಜಾಲರಿಗೆ ಸಿಕ್ಕಿಕೊಂಡಿತು. ಇಡೀ ಸ್ಟ್ಯಾಂಡ್ ಪಕ್ಕಕ್ಕೆ ಮಗುಚಿತು. ನನ್ನ ಕಾಲಿಗೂ ಅದಕ್ಕೂ ನಡುವೆ ಒಂದು ಗೇಣು ಇತ್ತು, ಅಷ್ಟೇ. ಅಮ್ಮ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆಮೇಲೆ ಸರಿಯಾಗಿ ನೋಡಿದೆ. ಸ್ಟ್ಯಾಂಡ್ ಇಂಜಿನ್ನನ್ನು ಕೆಳಗಿನಿಂದ ಹೊರುವುದಿಲ್ಲ. ಗೇರ್‌ಬಾಕ್ಸ್ ಕೂರುವ ಮುಖಕ್ಕೆ ನಾಲ್ಕು ತೋಳುಗಳನ್ನು ಬೋಲ್ಟ್ ಮಾಡಿ, ಒಂದು ಕಡೆಯಿಂದ ಹಿಡಿದಿರುತ್ತದೆ. ತುಂಬಿದ ಕೊಡವನ್ನು ಸೊಂಟದಲ್ಲಿ ಇಟ್ಟುಕೊಳ್ಳುವುದು ಬೇರೆ, ಕೈ ಮುಂದೆ ಚಾಚಿ ಹಿಡಿಯುವುದು ಬೇರೆ, ಅಲ್ಲವೇ? ಇಂಜಿನ್ ಉದ್ದವಾದಷ್ಟೂ ಭಾರ ಮುಂದಕ್ಕೆ ಹೋಗಿ ಬುಡ ಹೆಚ್ಚು ಬಾಗುತ್ತದೆ. ಆದ್ದರಿಂದ ಅಂಗಡಿಯವರು "450 ಕೆ.ಜಿ. ತಡೆಯುತ್ತೆ ಮೇಡಂ" ಅಂದರೆ ಅಷ್ಟಕ್ಕೇ ಒಪ್ಪಬೇಡಿ. ಮುಂದಿನ ಕಾಲುಗಳು ಇಂಜಿನ್ನಿನ ಭಾರದ ಕೆಳಗಿನವರೆಗೂ ಚಾಚಿವೆಯೇ, ಕಂಬದ ಬುಡದ ವೆಲ್ಡಿಂಗ್ ಸುತ್ತಲೂ ತುಂಬಿದೆಯೇ ಅಂತ ಬಗ್ಗಿ ನೋಡಿ. ನಾನು ಕೊನೆಗೆ ಕೊಂಡದ್ದು ಅಗಲವಾಗಿ ನಿಲ್ಲುವ ನಾಲ್ಕು ಚಕ್ರದ್ದು. ಚಕ್ರ ದೊಡ್ಡದು, ಬ್ರೇಕೂ ಇದೆ. ಮಡಿಸುವ ಸ್ಟ್ಯಾಂಡ್ ಫ್ಲ್ಯಾಟಿಗೆ ಆಸೆ ಹುಟ್ಟಿಸುತ್ತದೆ, ಆದರೆ ನಾನು ನೋಡಿದ್ದರ ಕೀಲುಗಳು ಹೊಸದರಲ್ಲೇ ಅಲುಗಾಡುತ್ತಿದ್ದವು. ಬೇಡ ಅಂದೆ.

ಸ್ಟ್ಯಾಂಡಿಗಿಂತ ಹೆಚ್ಚು ಓಡಾಡಿಸಿದ್ದು ಬೋಲ್ಟು. ಗೇರ್‌ಬಾಕ್ಸಿನ ಹಳೇ ಬೋಲ್ಟುಗಳು ಸ್ಟ್ಯಾಂಡಿನ ತೋಳಿಗೆ ಗಿಡ್ಡವಾಗುತ್ತವೆ. ಒಂದನ್ನು ಅಂಗಡಿಗೆ ಒಯ್ದು ಅದೇ ದಪ್ಪ, ಅದೇ ಮರೆಯ ಉದ್ದನೆಯದು ಕೇಳಿ. ತಲೆಯ ಮೇಲೆ 8.8 ಅಥವಾ 10.9 ಅಂತ ಇರಬೇಕು. 10 ಮಿ.ಮೀ. ಬೋಲ್ಟಾದರೆ ಒಂದು 15 ಮಿ.ಮೀ.ಯಾದರೂ ಇಂಜಿನ್ನಿನೊಳಗೆ ಹೋಗಲಿ. ಎರಡು ಮರೆ ಹಿಡಿದರೆ ಸಾಕು ಅನ್ನುವವರು ಇದ್ದಾರೆ, ಅವರ ಮಾತು ಕೇಳಬೇಡಿ.

ಕ್ಲಚ್ಚು, ಫ್ಲೈವೀಲ್ ಮೊದಲೇ ಬಿಚ್ಚಬೇಕು, ಸ್ಟ್ಯಾಂಡಿಗೆ ಹಾಕಿದ ಮೇಲೆ ಆ ಕಡೆ ಕೈ ಹೋಗುವುದೇ ಇಲ್ಲ. ಆಯಿಲ್ ಇಳಿಸಿ. ಇಂಜಿನ್ನಿನ ಭಾರದ ನಡುವು ತಿರುಗುವ ಅಚ್ಚಿನ ಹತ್ತಿರ ಬರುವಂತೆ ತೋಳುಗಳನ್ನು ಹೊಂದಿಸಿ. ಮೇಲೆ ಉಳಿದರೆ ಪಿನ್ ಎಳೆದ ಕ್ಷಣ ಗಿರಕ್ಕನೆ ತಿರುಗಿ ಮಣಿಕಟ್ಟು ಮುರಿಯುತ್ತದೆ. ಎತ್ತಿ ಕೂರಿಸುವವರೆಗೆ ಕ್ರೇನಿನ ಸರಪಳಿ ಬಿಚ್ಚಬೇಡಿ. ಕ್ರೇನ್ ಬಾಡಿಗೆಗೆ ತಂದರೆ ಆಯಿತು, ಒಂದು ದಿನದ ಕೆಲಸ.

ಸೊಸೈಟಿಯವರ ಅನುಮತಿಗೆ ಎರಡು ಅರ್ಜಿ, ಒಂದು ಜಗಳ ಆಯಿತು. ಅದನ್ನು ಇನ್ನೊಮ್ಮೆ ಹೇಳುತ್ತೇನೆ.

ಪಿಸ್ಟನ್ ರಿಂಗುಗಳು ಸವೆದಿದ್ದವು, ಬದಲಾಯಿಸಿದೆ. ಈಗ ಹೊಗೆ ಇಲ್ಲ, ಕಾರು ಪಾಸಾಯಿತು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಅಮ್ಮ ಬಾಲ್ಕನಿಯಲ್ಲಿ ನಿಂತಿದ್ದರು. "ನಿಮ್ಮಪ್ಪ ಬಂದ ಹಾಗೆ ಸದ್ದು" ಅಂದು ಒಳಗೆ ಹೋದರು.

ಸ್ಟ್ಯಾಂಡ್ ಸದ್ಯ ಖಾಲಿ ನಿಂತಿದೆ. ನಿಮ್ಮಲ್ಲಿ ಯಾರಿಗಾದರೂ ಬೇಕಿದ್ದರೆ ಒಯ್ಯಿರಿ, ಬೋಲ್ಟು ಮಾತ್ರ ನಿಮ್ಮದು.