ನಿಲ್ಲದ ನಡಿಗೆ

ಬೆಳಗಾವಿಯ ಕೋಟೆ ಕೆರೆಯ ದಂಡೆಯಲ್ಲಿ ಈಗ ವಾಯುವಿಹಾರದ ಹೊತ್ತು.

ಇಂಥದೇ ಒಂದು ಬೆಳಿಗ್ಗೆ, 2013ರ ಆಗಸ್ಟ್ 20ರಂದು, ಪುಣೆಯ ಓಂಕಾರೇಶ್ವರ ಸೇತುವೆಯ ಬಳಿ ಮೂಢನಂಬಿಕೆಯ ವಿರುದ್ಧ ಹೋರಾಡುತ್ತಿದ್ದ ಡಾ. ನರೇಂದ್ರ ದಾಭೋಲ್ಕರ್ ಗುಂಡಿಗೆ ಬಲಿಯಾದರು. 2015ರ ಫೆಬ್ರವರಿಯಲ್ಲಿ ಕೊಲ್ಲಾಪುರದ ಎಡಪಂಥೀಯ ನಾಯಕ ಗೋವಿಂದ ಪಾನ್ಸರೆ, ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲೇ ಸಂಶೋಧಕ ಎಂ.ಎಂ. ಕಲಬುರ್ಗಿ. ಕೊಲ್ಲಾಪುರ, ಧಾರವಾಡಗಳ ನಡುವೆ ನಮ್ಮ ಬೆಳಗಾವಿ. ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯ ಆರೋಪಿಗಳು ನಮ್ಮ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಗುಂಡು ಹಾರಿಸಲು ಕಲಿತರೆಂದು ತನಿಖಾ ತಂಡ ಆರೋಪಿಸಿದೆ. ಈ ನೋವು ನಮಗೆ ದೂರದ್ದಲ್ಲ.

ದಾಭೋಲ್ಕರ್ ಅವರ ಮಕ್ಕಳು ಮುಕ್ತಾ ಮತ್ತು ಹಮೀದ್ ನ್ಯಾಯಕ್ಕಾಗಿ ಕೋರ್ಟಿನ ಮೆಟ್ಟಿಲೇರಿದರು. ಮೂಢನಂಬಿಕೆಯ ವಿರುದ್ಧದ ತಂದೆಯ ಕೆಲಸವನ್ನೂ ಕೈಬಿಡಲಿಲ್ಲ. 2024ರ ಮೇ 10ರಂದು ಈ ಪ್ರಕರಣದ ಆರೋಪಿಗಳಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು, ಮೂವರು ಖುಲಾಸೆಯಾದರು. ಅಷ್ಟಕ್ಕೇ ಹತ್ತು ವರ್ಷ ದಾಟಿತ್ತು.

ಕೊಲ್ಲಾಪುರದಲ್ಲಿ ಪಾನ್ಸರೆಯವರ ಸೊಸೆ ಮೇಘಾ ಮತ್ತು ಸಂಗಾತಿಗಳು ‘ನಿರ್ಭಯ ಮಾರ್ನಿಂಗ್ ವಾಕ್’ ಆರಂಭಿಸಿದರು. ಮಾವ ಗುಂಡೇಟು ತಿಂದದ್ದು ಬೆಳಗಿನ ನಡಿಗೆಯ ವೇಳೆ. ಸೊಸೆ ಅದೇ ನಡಿಗೆಯನ್ನೇ ಉತ್ತರವಾಗಿಸಿದರು.

ಅರ್ಜೆಂಟೀನಾದಲ್ಲಿ ಸೈನಿಕ ಆಡಳಿತ ಕಾಣೆಯಾಗಿಸಿದವರ ಮಕ್ಕಳೂ 1995ರಲ್ಲಿ ಸಂಘಟನೆ ಕಟ್ಟಿ ಬೀದಿಗಿಳಿದರು. ಎಲ್ಲ ಕಡೆಯೂ ಮಕ್ಕಳು ಕೇಳುವುದು ಸೇಡನ್ನಲ್ಲ, ಸತ್ಯವನ್ನು.

ಆಸ್ತಿ ಮಾತ್ರವಲ್ಲ, ತಂದೆ-ತಾಯಿ ಅರ್ಧಕ್ಕೆ ಬಿಟ್ಟ ಪ್ರಶ್ನೆಯೂ ಮಕ್ಕಳ ಪಾಲಿಗೆ ಬರುತ್ತದೆ. ಆ ಭಾರವನ್ನು ಅವರಷ್ಟೇ ಹೊರಬೇಕೇ? ನಮ್ಮ ಊರಿನಲ್ಲಿ ನ್ಯಾಯಕ್ಕಾಗಿ ಅಲೆಯುವ ಮನೆಯೊಂದಿದ್ದರೆ, ಇವತ್ತು ಆ ಮನೆಯವರ ಜೊತೆ ನಾಲ್ಕು ಹೆಜ್ಜೆ ಹಾಕೋಣ.