ಮಿಕ್ಕ ವೇಗ ಯಾರ ಪಾಲು?

ಕಂಪ್ಯೂಟರಿನ ಪ್ರೊಸೆಸರ್ ಮೇಲೆ 2.4 ಗಿಗಾಹರ್ಟ್ಸ್ ಎಂದೋ 3 ಗಿಗಾಹರ್ಟ್ಸ್ ಎಂದೋ ಅಚ್ಚು ಹಾಕಿರುತ್ತಾರೆ. ಅದು ಆ ಚಿಪ್ಪಿನ ತಾಕತ್ತಿನ ಕೊನೆ ಅಲ್ಲ, ತಯಾರಿಸಿದವರು ಕೊಟ್ಟ ಮಾತು. ಸೆಕೆ, ಧೂಳು, ಅಗ್ಗದ ಫ್ಯಾನು ಎಲ್ಲವನ್ನೂ ತಾಳಿಕೊಂಡು ವರ್ಷಗಟ್ಟಲೆ ಓಡಲಿ ಎಂದು ಒಂದಿಷ್ಟು ವೇಗವನ್ನು ಕೈಯಲ್ಲೇ ಇಟ್ಟುಕೊಂಡಿರುತ್ತಾರೆ. ಆ ಮಿಕ್ಕದ್ದನ್ನು ಕೊಂಡವನೇ ಹೊರಗೆಳೆದರೆ ಅದು ಓವರ್‌ಕ್ಲಾಕಿಂಗ್. ಮಿಕ್ಕದ್ದು ಯಾರಿಗೆ ಸೇರಬೇಕು ಎಂಬ ಜಗ್ಗಾಟ ನಲವತ್ತು ವರ್ಷದ್ದು.

1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಯಂತ್ರ 6 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಆ ವೇಗ ಬೋರ್ಡಿನ ಮೇಲಿದ್ದ ಗಡಿಯಾರದ ಹರಳಿನ ಅರ್ಧದಷ್ಟು; 12 ಮೆಗಾಹರ್ಟ್ಸ್ ಹರಳನ್ನು ಕಿತ್ತು 16ರ ಹರಳು ಕೂರಿಸಿದರೆ ವೇಗ ಎಂಟಕ್ಕೇರುತ್ತಿತ್ತು. ಜನ ಕೂರಿಸಿದರು. ಐಬಿಎಂ ಆಮೇಲಿನ ಬಯಾಸ್‌ನಲ್ಲಿ, ಅಂದರೆ ಯಂತ್ರ ಆನ್ ಆದೊಡನೆ ಓಡುವ ಮೂಲ ತಂತ್ರಾಂಶದಲ್ಲಿ, ವೇಗ ಅಳೆಯುವ ಕಾವಲು ಇಟ್ಟಿತು.

ತೊಂಬತ್ತರ ದಶಕದಲ್ಲಿ ಕಡಿಮೆ ವೇಗದ ಚಿಪ್ಪಿಗೆ ಹೆಚ್ಚಿನ ವೇಗದ ಅಚ್ಚು ಹಾಕಿ ಮಾರುವ ಮೋಸಗಾರರು ಹುಟ್ಟಿಕೊಂಡರು. ಇಂಟೆಲ್ ಗುಣಕಕ್ಕೆ ಬೀಗ ಜಡಿಯಿತು. ಆದರೆ ಪ್ರೊಸೆಸರಿನ ವೇಗ ಗುಣಕ ಮತ್ತು ಬಸ್ಸಿನ, ಅಂದರೆ ಚಿಪ್ಪನ್ನು ಬೋರ್ಡಿಗೆ ಬೆಸೆಯುವ ದಾರಿಯ, ವೇಗ ಎರಡರ ಗುಣಲಬ್ಧ. ಬಸ್ಸಿಗೆ ಬೀಗವಿರಲಿಲ್ಲ. 1998ರ ಸೆಲೆರಾನ್ 300ಎ ಚಿಪ್ಪಿನ ಬಸ್ಸನ್ನು 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್ ಹೋಗಿ 450 ಆಗುತ್ತಿತ್ತು. ಎಎಂಡಿ ಅಥ್ಲಾನ್ ಕಾಲಕ್ಕಂತೂ ಚಿಪ್ಪಿನ ಮೇಲೆ ಲೇಸರ್‌ನಿಂದ ಕಡಿದಿದ್ದ ಗೆರೆಗಳನ್ನು ಸೀಸದ ಕಡ್ಡಿಯಿಂದ ತೀಡಿ ಗುಣಕದ ಬೀಗ ತೆಗೆದವರಿದ್ದರು. ಗ್ರಾಫೈಟಿನಲ್ಲಿ ವಿದ್ಯುತ್ ಹರಿಯುತ್ತದಲ್ಲ!

ಈ ಹುಚ್ಚು ನೆತ್ತಿಗೇರಿದ್ದು ನಾಲ್ಕು ಕೋರ್‌ಗಳ ಕಾಲದಲ್ಲಿ. 2007ರ ಜನವರಿಯಲ್ಲಿ ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600 ಬಂತು. 266ರ ಬಸ್ಸು, 9ರ ಗುಣಕ, 2.4 ಗಿಗಾಹರ್ಟ್ಸ್. ಬಸ್ಸನ್ನು 333ಕ್ಕೆ ಏರಿಸಿದರೆ 3, 400ಕ್ಕೆ ಏರಿಸಿದರೆ 3.6. ಅದರ ಒಳಗುಟ್ಟೆಂದರೆ ಅದು ಒಂದು ಚಿಪ್ಪಲ್ಲ, ಎರಡೆರಡು ಕೋರ್‌ಗಳ ಎರಡು ತುಂಡುಗಳನ್ನು ಒಂದೇ ಪೊಟ್ಟಣಕ್ಕೆ ಸೇರಿಸಿದ್ದು. ಒಂದು ತುಂಡು ಇನ್ನೊಂದರ ಜೊತೆ ಮಾತಾಡಬೇಕಾದರೂ ಬಸ್ಸಿಗೇ ಬರಬೇಕು. ಹಾಗಾಗಿ ಎರಡು ಕೋರ್‌ಗಳ ಚಿಪ್ಪು ಸಲೀಸಾಗಿ ಏರಿದ ಎತ್ತರದಲ್ಲಿ ನಾಲ್ಕರದ್ದು ಏದುಸಿರು ಬಿಡುತ್ತಿತ್ತು. ಬಸ್ಸಿನ ಇನ್ನೊಂದು ತುದಿಯಲ್ಲಿರುವ ಮದರ್‌ಬೋರ್ಡಿನ ನಾರ್ತ್‌ಬ್ರಿಡ್ಜ್ ಚಿಪ್ಪಿಗೂ ವೋಲ್ಟೇಜ್ ಹೆಚ್ಚಿಸಬೇಕಾಗುತ್ತಿತ್ತು.

ವೋಲ್ಟೇಜಿನ ಲೆಕ್ಕ ಕಠೋರ. ಕಾವು ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ಜೊತೆ ವರ್ಗದಲ್ಲಿ ಏರುತ್ತದೆ. 2.4ರಿಂದ 3.6ಕ್ಕೆ ಹೋಗಲು 1.25 ವೋಲ್ಟನ್ನು 1.45 ಮಾಡಿದಿರಿ ಅನ್ನಿ. ವೇಗ ಒಂದೂವರೆ ಪಟ್ಟು, ಕಾವು ಹೆಚ್ಚುಕಡಿಮೆ ಎರಡು ಪಟ್ಟು. ಅದೂ ಬಯಾಸ್‌ನಲ್ಲಿ ಬರೆದ 1.45 ಚಿಪ್ಪಿಗೆ ಪೂರಾ ತಲುಪುವುದಿಲ್ಲ. ತೋಟದ ಪಂಪ್‌ಸೆಟ್ ಶುರುವಾದೊಡನೆ ಮನೆಯ ಬಲ್ಬು ಮಂಕಾಗುವಂತೆ, ಕೆಲಸದ ಹೊರೆ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಇದಕ್ಕೆ ವಿ-ಡ್ರೂಪ್ ಎನ್ನುತ್ತಾರೆ. ಬಹಳ ಜನ ಇದನ್ನು ಬೋರ್ಡಿನ ದೋಷವೆಂದು ಬೈದರು. ನನ್ನ ಮಟ್ಟಿಗೆ ಅದು ಅನ್ಯಾಯ. ಹೊರೆ ಥಟ್ಟನೆ ಇಳಿದಾಗ ವೋಲ್ಟೇಜ್ ಮೇಲಕ್ಕೆ ನೆಗೆಯುತ್ತದೆ. ಆ ನೆಗೆತ ಮಿತಿ ಮೀರದಿರಲೆಂದು ಬೇಕೆಂದೇ ಇಟ್ಟ ತಗ್ಗು ಅದು. ಆದರೂ ಸೀಸದ ಕಡ್ಡಿ ಮತ್ತೆ ಹೊರಬಂತು. ಬೋರ್ಡಿನ ಒಂದು ರೆಸಿಸ್ಟರ್ ಮೇಲೆ ಉಜ್ಜಿ ಕುಸಿತ ತಗ್ಗಿಸುತ್ತಿದ್ದರು.

ಕಂಪ್ಯೂಟರ್ ಆನ್ ಆಯಿತು ಎಂದರೆ ಗೆದ್ದಂತಲ್ಲ. ತಪ್ಪು ಲೆಕ್ಕವನ್ನು ಸದ್ದಿಲ್ಲದೆ ಮಾಡುವ ಯಂತ್ರ, ಕೆಟ್ಟು ನಿಂತ ಯಂತ್ರಕ್ಕಿಂತ ಅಪಾಯ. ಪರೀಕ್ಷೆಗೆ ಒದಗಿದ್ದು ಗಣಿತ. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರುಮಾಡಿದ ಯೋಜನೆಯ ಪ್ರೈಮ್95 ತಂತ್ರಾಂಶ, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಕೊಟ್ಟು ಚಿಪ್ಪನ್ನು ಗೋಳುಹೊಯ್ದುಕೊಳ್ಳುತ್ತದೆ. ಇನ್ನೊಂದು ಸೂಪರ್ ಪೈ. ಅದರ ಮೂಲ ಟೋಕಿಯೋ ವಿಶ್ವವಿದ್ಯಾಲಯದ ಯಾಸುಮಾಸಾ ಕನಡಾ ಅವರ ಪ್ರೋಗ್ರಾಂ. ಹೆಸರು ಕೇಳಿ ನಮ್ಮವರೇ ಇರಬೇಕೆಂದು ಹಿಗ್ಗಿದವರಲ್ಲಿ ನಾನೂ ಒಬ್ಬ.

ನನ್ನ ಕ್ಯೂ6600 ರಾತ್ರಿಯಿಡೀ ಪ್ರೈಮ್95 ಪಾಸಾಗಿ, ಏಪ್ರಿಲ್ ಮಧ್ಯಾಹ್ನದ ಸೆಕೆಗೆ ಇಪ್ಪತ್ತೇ ನಿಮಿಷದಲ್ಲಿ ಸೋತಿತು. ಮೂರು ಕೋರ್‌ಗಳು ಆರಾಮಾಗಿದ್ದವು, ನಾಲ್ಕನೆಯದು ಕೈಚೆಲ್ಲಿತ್ತು. ಬಂಡಿಯ ವೇಗ ಸೋತ ಎತ್ತಿನ ವೇಗವೇ. ಕೊನೆಗೆ 3.2ಕ್ಕೆ ಇಳಿಸಿಕೊಂಡು ಸುಮ್ಮನಾದೆ.

2011ರಲ್ಲಿ ಬಂದ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ತಲೆಮಾರು ಬಸ್ಸಿನ ದಾರಿಯನ್ನೂ ಮುಚ್ಚಿತು. ಎಲ್ಲ ಭಾಗಗಳಿಗೂ ಗಡಿಯಾರ ಒಂದೇ, 100 ಮೆಗಾಹರ್ಟ್ಸ್. ಅದನ್ನು ಸ್ವಲ್ಪ ಏರಿಸಿದರೂ ಮಿಕ್ಕ ಭಾಗಗಳು ತತ್ತರಿಸುತ್ತಿದ್ದವು. ಬೀಗ ತೆರೆದ ಗುಣಕ ಬೇಕಾದರೆ ಹೆಸರಿನ ಕೊನೆಗೆ 'ಕೆ' ಅಕ್ಷರವಿರುವ, ಹೆಚ್ಚು ಬೆಲೆಯ ಚಿಪ್ಪು ಕೊಳ್ಳಬೇಕು. ಅಷ್ಟರಲ್ಲಿ ಟರ್ಬೋ ಬೂಸ್ಟ್ ಹೆಸರಿನಲ್ಲಿ ಕಂಪನಿಯೇ ಮಿಕ್ಕ ವೇಗವನ್ನು ಬಳಸತೊಡಗಿತ್ತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಚಿಪ್ಪುಗಳು, ಯಾರೂ ಕೈಯಿಡದಿದ್ದರೂ, ಹೆಚ್ಚಿನ ವೋಲ್ಟೇಜಿನಿಂದ ಅಸ್ಥಿರವಾದವು. ಕಂಪನಿ ಚಿಪ್ಪಿನೊಳಗಿನ ಸೂಚನೆಗಳಾದ ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಿತು.

ಈಗ ಅನೇಕರು ಬಯಾಸ್ ತೆರೆಯುವುದು ಕಾವು ತಗ್ಗಲೆಂದು ವೋಲ್ಟೇಜ್ ಇಳಿಸುವುದಕ್ಕೆ. ಇಳಿಸಿದ ಮೇಲೂ ಪ್ರೈಮ್95 ಮುಂದೆ ಒಂದು ರಾತ್ರಿ ಕಾಯುವುದಂತೂ ತಪ್ಪಿಲ್ಲ.