ಫಲಕದ ಮ್ಯಾಲಿನ ಹೆಸರು, ರಜಿಸ್ಟರಿನೊಳಗಿನ ಹೆಸರು

(ಹಾಸ್ಟೆಲಿನ ಅಂಗಳದಲ್ಲಿ ಆಡಿದ ಮಾತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಗೆಳೆಯರು ಕೇಳಿದ್ದರಿಂದ ಬರೆದು ಕೊಟ್ಟಿದ್ದೇವೆ.)



ಮೊದಲಿಗೆ ಒಂದು ಕಾಗದದ ಸುದ್ದಿ. ನಮ್ಮ ಸೀಮೆಯ ಒಂದು ಹೈಸ್ಕೂಲಿನವರು ತಮ್ಮಲ್ಲಿ ಕಲಿತು ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳನ್ನು ಸನ್ಮಾನಿಸುತ್ತಿದ್ದಾರೆ. ಆಮಂತ್ರಣ ಪತ್ರಿಕೆ ನಮ್ಮ ಕೈಗೂ ಬಂತು. ದಪ್ಪ ಕಾಗದ, ಬಂಗಾರದ ಅಕ್ಷರ. ಒಳಗೆ ಫೋಟೋ ಸಮೇತ ಹೆಸರುಗಳು. ಡಾಕ್ಟರು, ಎಂಜಿನಿಯರು, ಮಿಲಿಟರಿ ಅಧಿಕಾರಿ, ಸಕ್ಕರೆ ಕಾರ್ಖಾನೆಯ ನಿರ್ದೇಶಕರು, ಅಮೆರಿಕಾದಲ್ಲಿ ಇರುವವರು ಇಬ್ಬರು. ಎಲ್ಲರೂ ಸಂತೋಷಪಡುವ ಸಂಗತಿಯೇ. ನಾವು ಮೇಲಿನಿಂದ ಕೆಳಗೆ, 'ಪ್ರಸಾದದ ವ್ಯವಸ್ಥೆ ಇದೆ' ಅನ್ನುವ ಕಟ್ಟಕಡೆಯ ಸಾಲಿನ ತನಕ ಓದಿದೆವು. ನಮ್ಮ ಕೇರಿಯ ಒಂದು ಹೆಸರೂ ಸಿಗಲಿಲ್ಲ. ಪತ್ರಿಕೆ ತಂದುಕೊಟ್ಟವರು ಹೋಗುವಾಗ ಬಾಯಿಮಾತಿನಲ್ಲಿ ಇಷ್ಟು ಹೇಳಿದರು: "ಹಾಸ್ಟೆಲ್ ಹುಡುಗರು ಒಂದ್ ಹತ್ತು ಮಂದಿ ಮುಂಜಾನೆ ಲಗೂನ ಬರ್ರಿ, ಖುರ್ಚಿ ಹಚ್ಚೋದೈತಿ."

ಆ ರಾತ್ರಿ ಇಲ್ಲಿ ದೊಡ್ಡ ಜಗಳವೇ ಆಯಿತು. ಬಹಿಷ್ಕಾರ ಹಾಕೋಣ, ಕಪ್ಪು ಪಟ್ಟಿ ಕಟ್ಟೋಣ ಎಂದರು ಕೆಲವರು. ಕಲಿತವರನ್ನು ಕರೆದಾರ, ನಮ್ಮೋರು ಕಲೀಲಿಲ್ಲ, ಅವರದೇನು ತಪ್ಪು ಎಂದರು ಇನ್ನು ಕೆಲವರು. ಹತ್ತು ಗಂಟೆಯಾದರೂ ಮುಗಿಯಲಿಲ್ಲ. ಆಗ ಮೂಲೆಯಲ್ಲಿ ಕೂತಿದ್ದ ಒಂಬತ್ತನೇ ಇಯತ್ತೆಯ ಹುಡುಗ ಕೇಳಿದ: "ಅಣ್ಣಾರ, ನಮ್ಮೋರು ಯಾರರ ಆ ಸಾಲ್ಯಾಗ ಕಲ್ತಾರೇನ್ರಿ?"

ಒಬ್ಬರಿಗೂ ಉತ್ತರ ಬರಲಿಲ್ಲ. ಸಂಜೆಯಿಂದ ವ್ಯವಸ್ಥೆಯನ್ನು ಬೈಯುತ್ತಿದ್ದ ನಮಗೇ ನಮ್ಮವರ ಒಂದು ಹೆಸರು ಗೊತ್ತಿರಲಿಲ್ಲ. ಕವಿತೆ ಬರೆಯುತ್ತೇವೆ, ಮೈಕು ಹಿಡಿಯುತ್ತೇವೆ, ಶತಶತಮಾನ ಎನ್ನುತ್ತೇವೆ. ನಮಗಿಂತ ಮುಂಚೆ ಈ ಬೆಂಚಿನ ಮೇಲೆ ಕೂತವನು ಯಾರು ಅಂದರೆ ಬಾಯಿ ಕಟ್ಟುತ್ತದೆ. ಆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಅಲ್ಲಿ ಇಲ್ಲಿ ಓದಿದ್ದನ್ನು, ಕೇಳಿದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಕಿತ್ತೂರಿನಲ್ಲಿ ಬಸ್ಸು ಹತ್ತಿದರೆ ತಾಸಿನೊಳಗೆ ಧಾರವಾಡ. ಅಲ್ಲಿ 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ ಹುಡುಗ ಸರಕಾರಿ ಶಾಲೆಗೆ ಹೆಸರು ಹಚ್ಚಿಕೊಳ್ಳಿರಿ ಎಂದು ಕೇಳಿದ. ಶಾಲೆ ಒಲ್ಲೆ ಎಂದಿತು. ಅರ್ಜಿ ಮುಂಬಯಿ ಸರಕಾರದ ತನಕ ಹೋಯಿತು. ಆಗ ಬೆಳಗಾವಿ, ಧಾರವಾಡ ಎಲ್ಲ ಮುಂಬಯಿ ಇಲಾಖೆಗೇ ಸೇರಿದ್ದವು. ಸರಕಾರ ಕೊಟ್ಟ ಠರಾವು ನೋಡಿರಿ, ಎಷ್ಟು ಚೆಂದದ ಮಾತು: ನ್ಯಾಯ ಹುಡುಗನ ಕಡೆಗೇ ಇದೆ ಎಂದು ಒಪ್ಪಿಕೊಂಡಿತು. ಆದರೆ ಒಬ್ಬಿಬ್ಬರಿಗಾಗಿ ತಲೆತಲಾಂತರದ ನಂಬಿಕೆಗೆ ಕೈ ಹಾಕಿದರೆ ವಿದ್ಯಾಪ್ರಸಾರಕ್ಕೇ ಧಕ್ಕೆ ಬಂದೀತು ಎಂದಿತು. ಹುಡುಗನ ಕಷ್ಟವನ್ನು ಈ ಸರಕಾರ ಹುಟ್ಟಿಸಿದ್ದಲ್ಲ, ಆದ್ದರಿಂದ ಈ ಸರಕಾರ ಅದನ್ನು ಒಮ್ಮೆಲೇ ತೆಗೆಯಲಾರದು ಎಂದೂ ಸೇರಿಸಿತು. ಇಂದಿಗೂ ಕಚೇರಿಗಳಲ್ಲಿ ನಾವು ಕೇಳುವ ಮಾತು ಇದೇ ಅಲ್ಲೇನು? "ನಿಮ್ಮ ಮಾತು ಖರೇ ಐತ್ರಿ, ಆದ್ರ ಊರಾಗ ಗದ್ದಲಾಕ್ಕತಿ."

1857ರ ಜನವರಿಯಲ್ಲಿ ಕಲ್ಕತ್ತದ ಸರಕಾರ, ಬಂಗಾಲದ ಯಾವ ಸರಕಾರಿ ಶಾಲೆಯಲ್ಲೂ ಈ ಹುಡುಗನನ್ನು ಹೊರಗೆ ಹಾಕುತ್ತಿರಲಿಲ್ಲ ಎಂದಿತು. 1858ರ ಏಪ್ರಿಲ್‌ನಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದದ್ದು ಎಂದು ಬರೆದರು. ಧಾರವಾಡದ ಬಾಗಿಲಿನ ಪ್ರಶ್ನೆ ಮುಂಬಯಿ, ಕಲ್ಕತ್ತ, ಲಂಡನ್ ಸುತ್ತಿ ಬರುವುದರೊಳಗೆ ಸುಮಾರು ಎರಡು ವರ್ಷ. ಎರಡು ವರ್ಷವೆಂದರೆ ಎರಡು ಇಯತ್ತೆ. ಆ ಠರಾವಿನಲ್ಲಿ ಅವನಿಗೆ ಹೆಸರಿಲ್ಲ, ಬರೀ 'ಮಹಾರ ಅರ್ಜಿದಾರ'. ಬಾಬಾಸಾಹೇಬರು 1928ರಲ್ಲಿ ಸೈಮನ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಈ ಪ್ರಕರಣವನ್ನು ಎತ್ತಿ ಹೇಳಿದರು. ಹೆಸರಿಲ್ಲದ ಹುಡುಗ ಎಪ್ಪತ್ತೆರಡು ವರ್ಷದ ಮೇಲೆ ಸಾಕ್ಷಿಗೆ ಬಂದ ಹಾಗಾಯಿತು.

ನಮ್ಮ ಸೀಮೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿ ಬರೆಯುವುದಾದರೆ ಮೊದಲನೆಯ ಸಾಲು ಈ ಹುಡುಗನಿಗೆ. ಅವನು ವಿದ್ಯಾರ್ಥಿಯೇ ಆಗಲಿಲ್ಲವಲ್ಲ ಅಂತೀರಿ. ಹೌದು, ಆಗಗೊಡಲಿಲ್ಲ.

ಅದಕ್ಕೂ ಒಂದು ವರ್ಷ ಮುಂಚೆ, 1855ರಲ್ಲಿ, ಪುಣೆಯಲ್ಲಿ ಜೋತಿಬಾ ಫುಲೆಯವರ ಶಾಲೆಯಲ್ಲಿ ಓದಿದ ಮುಕ್ತಾಬಾಯಿ ಎಂಬ ಮಾಂಗರ ಹುಡುಗಿ ಮಾಂಗ-ಮಹಾರರ ದುಃಖದ ಮೇಲೆ ನಿಬಂಧ ಬರೆದಳು. 'ಜ್ಞಾನೋದಯ' ಪತ್ರಿಕೆ ಅದನ್ನು ಅಚ್ಚು ಹಾಕಿತು. ಹದಿನಾಲ್ಕು ವರ್ಷದ ಪೋರಿ! ಬಾಗಿಲು ತೆರೆದ ಕಡೆ ಒಬ್ಬ ಹುಡುಗಿ ಬರೆದೇಬಿಟ್ಟಳು. ಬಾಗಿಲು ಮುಚ್ಚಿದ ಕಡೆ ಒಬ್ಬ ಹುಡುಗ ಅರ್ಜಿಯಾಗಿ ಉಳಿದ. ನಡುವೆ ಇದ್ದದ್ದು ಒಂದೇ ವರ್ಷ. ಬುದ್ಧಿಯ ಮಾತು ಆಡುವವರಿಗೆ ಈ ಎರಡು ಇಸವಿ ಹೇಳಿರಿ, ಸಾಕು.

ಈಗ ಸಾತಾರಕ್ಕೆ ಬರೋಣ. 1900ರ ನವೆಂಬರ್ 7ರಂದು ಅಲ್ಲಿನ ಸರಕಾರಿ ಹೈಸ್ಕೂಲಿನ ರಜಿಸ್ಟರಿನಲ್ಲಿ 1914ನೇ ನಂಬರಿಗೆ ಒಂದು ಹೆಸರು ಬಿತ್ತು: ಭಿವಾ ರಾಮಜಿ ಅಂಬೇಡಕರ. ಆ ಶಾಲೆಗೆ ಈಗ ಪ್ರತಾಪಸಿಂಹ ಹೈಸ್ಕೂಲು ಎಂದು ಹೆಸರು. ಆ ರಜಿಸ್ಟರನ್ನು ಅವರು ಜೋಪಾನವಾಗಿ ಇಟ್ಟಿದ್ದಾರೆ. 2017ರಿಂದ ಮಹಾರಾಷ್ಟ್ರದಲ್ಲಿ ನವೆಂಬರ್ 7 ವಿದ್ಯಾರ್ಥಿ ದಿನ. ವಿಚಾರ ಮಾಡಿರಿ. ಆ ದಿನಗಳಲ್ಲಿ ಇದೇ ಹುಡುಗ ತನ್ನ ಗೋಣಿತಟ್ಟು ತಾನೇ ಮನೆಯಿಂದ ತಂದು ಬೇರೆ ಕೂಡುತ್ತಿದ್ದ. ಜವಾನ ನೀರು ಹಾಕಿದರೆ ಕುಡಿಯಬೇಕು, ಜವಾನ ಇಲ್ಲದ ದಿನ ನೀರೂ ಇಲ್ಲ. ಇದನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ನೂರು ವರ್ಷದ ಮೇಲೆ ಒಂದು ರಾಜ್ಯವೇ ಶಾಲೆಗೆ ಹೆಸರು ಹಚ್ಚಿದ ಆ ದಿನವನ್ನು ನೆನೆಯುತ್ತದೆ. ಶಾಲು ಹೊದಿಸುವುದಕ್ಕಿಂತ ದೊಡ್ಡ ಸನ್ಮಾನ ಆ ರಜಿಸ್ಟರಿನ ಒಂದು ಸಾಲು ಎಂದು ನಮಗೆ ಅನಿಸುತ್ತದೆ. ಡಿಗ್ರಿಗಳೆಲ್ಲ ಆಮೇಲೆ ಬಂದವು.

ಬಾಬಾಸಾಹೇಬರಿಗೆ ಮೊದಲ ಸನ್ಮಾನ ಆದದ್ದು ಯಾವಾಗ ಗೊತ್ತೇನು? ಕೊಲಂಬಿಯಾದಿಂದ ಬಂದ ಮೇಲಲ್ಲ. ಜೀವನಚರಿತ್ರೆಗಳಲ್ಲಿ ಅದನ್ನು 1907ರ ಮೆಟ್ರಿಕ್ ಪಾಸಿನೊಂದಿಗೆ ಹೇಳುತ್ತಾರೆ. ಆದರೆ ಅವರೇ 1956ರ ಏಪ್ರಿಲ್‌ನಲ್ಲಿ 'ಬುದ್ಧ ಮತ್ತು ಆತನ ಧಮ್ಮ' ಪುಸ್ತಕಕ್ಕೆ ಬರೆದ ಮುನ್ನುಡಿಯಲ್ಲಿ ಇಂಗ್ಲಿಷ್ ನಾಲ್ಕನೇ ಇಯತ್ತೆ ಪಾಸಾದಾಗ ಎನ್ನುತ್ತಾರೆ. ನಾಲ್ಕನೇ ಇಂಗ್ಲಿಷ್! ಕೇರಿಯ ಜನಕ್ಕೆ ಅದೇ ಗುಡ್ಡ ಹತ್ತಿದ ಹಾಗೆ. ಸಭೆ ಮಾಡೋಣ ಎಂದರು. ತಂದೆ ರಾಮಜಿ ಸುಬೇದಾರರು ಬ್ಯಾಡ ಎಂದರು, ಹುಡುಗನ ತಲೆಗೆ ಏರೀತು ಎಂದು. ನಮ್ಮಪ್ಪಂದಿರೂ ಹಾಗೇ ಅಲ್ಲವೇ? ಪಾಸಾಗಿ ಬಂದರೆ, "ಹ್ಞೂಂ, ಎಮ್ಮೀಗೆ ನೀರ್ ಕುಡಿಸಿದಿ?" ಎನ್ನುತ್ತಾರೆ. ಕಡೆಗೆ ದಾದಾ ಕೇಳುಸ್ಕರರು ವಾದ ಮಾಡಿ ಒಪ್ಪಿಸಿದರು. ಸಭೆ ಆಯಿತು. ಕೇಳುಸ್ಕರರು ಅಲ್ಲಿ ಹುಡುಗನ ಕೈಗೆ ಒಂದು ಪುಸ್ತಕ ಕೊಟ್ಟರು, ಅವರೇ ಬರೆದ ಬುದ್ಧನ ಚರಿತ್ರೆ. ಅದನ್ನು ಓದಿ ಮನಸ್ಸು ಕಲಕಿತು ಎಂದು ಬಾಬಾಸಾಹೇಬರು ಹೇಳಿಕೊಂಡಿದ್ದಾರೆ. ಅದೇ 1956ರ ಅಕ್ಟೋಬರ್ 14ಕ್ಕೆ ನಾಗಪುರ. ಒಂದು ಸಣ್ಣ ಸನ್ಮಾನದ ಪುಸ್ತಕ ಎಲ್ಲಿಗೆ ಹೋಗಿ ಮುಟ್ಟಿತು ನೋಡಿರಿ.

ಅವರು ಸಾಧಕನನ್ನು ಸನ್ಮಾನಿಸಲಿಲ್ಲ, ಹೊರಟವನನ್ನು ಸನ್ಮಾನಿಸಿದರು. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಗೆದ್ದು ಬಂದವನಿಗೆ ಹಾರ ಹಾಕುವುದಕ್ಕೆ ಮಂದಿ ಬೇಕಾದಷ್ಟು. ಹತ್ತನೇ ಇಯತ್ತೆಯಲ್ಲಿ ಗಣಿತ ಹೋಗಿ, ಪುಸ್ತಕ ಕಟ್ಟಿಟ್ಟು, ಕಬ್ಬು ಕಡಿಯುವ ಗ್ಯಾಂಗಿನ ಲಾರಿ ಹತ್ತುವವನನ್ನು ತಡೆದು ನಿಲ್ಲಿಸುವವರು ಯಾರು?

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು (1861-1906) ತಮ್ಮ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು ಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಮಾಸ್ತರರು ಕೂಡಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ನಮಗೆ ಹೊಟ್ಟೆಕಿಚ್ಚು ಇಲ್ಲ. ಅವರ ಫೋಟೋ ಗೋಡೆಯ ಮೇಲಿರುವುದು ತಕ್ಕದ್ದೇ. ಆದರೆ ದಾನ ಕೊಡಲು ದೇಸಗತಿ ಇಲ್ಲದವರ ಗೋಡೆ ಹೇಗೆ ಎದ್ದಿತು? 1928ರಲ್ಲಿ ಬಾಬಾಸಾಹೇಬರು ಶಿಕ್ಷಣ ಸಂಸ್ಥೆ ಕಟ್ಟಿ ಹೈಸ್ಕೂಲು ಹುಡುಗರಿಗೆ ಬೋರ್ಡಿಂಗು ನಡೆಸಿದರು. ಪನ್ವೇಲ, ಠಾಣೆ, ನಾಸಿಕ, ಪುಣೆ, ಐದನೆಯದು ನಮ್ಮ ಧಾರವಾಡ. ಹುಡುಗನನ್ನು ಹೊರಗೆ ನಿಲ್ಲಿಸಿದ ಅದೇ ಧಾರವಾಡದಲ್ಲಿ! ಹಾಸ್ಟೆಲ್ ಅಂದರೆ ಬಿಟ್ಟಿ ಅನ್ನ ಎನ್ನುವವರಿಗೆ ಇದನ್ನು ತಿಳಿಸಿರಿ. ಅನ್ನದಲ್ಲಿ ಹುಳ ಬಂದರೆ ವಾರ್ಡನ್ನರ ಮುಂದೆ ತಟ್ಟೆ ಇಟ್ಟು ಕೇಳುವ ಹಕ್ಕು ನಮಗೆ ಬಂದದ್ದು ಅಲ್ಲಿಂದ.

ಇನ್ನು ಎಲ್ಲಮ್ಮನ ಗುಡ್ಡದ ಮಾತು. ಸವದತ್ತಿಯಿಂದ ಬಂದ ತಂಗಿಯರು ಇದನ್ನು ಎತ್ತಬೇಕು ಎಂದರು. ಶಾಲೆಯ ರಜಿಸ್ಟರಿನಲ್ಲಿ 'ತಂದೆಯ ಹೆಸರು' ಎಂಬ ಒಂದು ಕಲಮು ಇದೆ. ಮುತ್ತು ಕಟ್ಟಿಸಿಕೊಂಡ ತಾಯಿ ಮಗುವಿನ ಕೈ ಹಿಡಿದು ಮಾಸ್ತರರ ಮೇಜಿನ ಮುಂದೆ ನಿಂತಾಗ ಆ ಕಲಮು ಬಾಯಿ ತೆರೆದು ಕೂತಿರುತ್ತದೆ. "ಅಪ್ಪನ ಹೆಸರೇನಬೇ?" ಹಿಂದೆ ಪಾಳಿ ಹಚ್ಚಿದವರು ನಗುತ್ತಾರೆ. ಎಷ್ಟು ತಾಯಂದಿರು ಅಲ್ಲಿಂದಲೇ ಹೊಳ್ಳಿ ಹೋದರೋ! ಮುತ್ತು ಕಟ್ಟುವುದನ್ನು ನಿಷೇಧಿಸಿದ ಕಾಯಿದೆ 1982ರದು. ದಾಖಲೆಗೆ ತಂದೆಯ ಹೆಸರು ಹೇಳಲೇಬೇಕೆಂಬ ಒತ್ತಾಯ ಕೂಡದು ಎನ್ನುವ ಕಾಯಿದೆಯನ್ನು ವಿಧಾನಮಂಡಲ ಪಾಸು ಮಾಡಿದ್ದು 2025ರಲ್ಲಿ. ನಡುವಿನ ನಲವತ್ತಮೂರು ವರ್ಷ ಆ ಮಕ್ಕಳು ಏನು ಬರೆಸಿದರು? ಕೆಲವರು ಮಾವನ ಹೆಸರು, ಕೆಲವರು ಅಜ್ಜನ ಹೆಸರು. ನಮ್ಮೊಳಗಿನ ಒಬ್ಬ ಗೆಳತಿ ತಾಯಿಯ ಹೆಸರೇ ಬರೆಸಿದಳು. ಗುಮಾಸ್ತರು ಒಡೆದು ಹಾಕಿದರು, ಅವಳು ಮತ್ತೆ ಬರೆಸಿದಳು. ಮೂರನೆಯ ಸಲ ಉಳಿಯಿತು. ಫಲಕದಲ್ಲಿ ಇಂಥದನ್ನು ಸಾಧನೆ ಎಂದು ಬರೆಯುವ ಶಾಲೆ ಎಲ್ಲಿದೆ?

ನಮ್ಮ ಜಿಲ್ಲೆಯವರೇ ಆದ ಸೀತವ್ವ ಜೋಡಟ್ಟಿ ಚಿಕ್ಕಂದಿನಲ್ಲೇ ದೇವದಾಸಿಯಾದವರು. ಆ ಪದ್ಧತಿಯ ವಿರುದ್ಧ ದುಡಿದದ್ದಕ್ಕೆ 2018ರಲ್ಲಿ ಪದ್ಮಶ್ರೀ ಪಡೆದರು. ಹಳೆಯ ವಿದ್ಯಾರ್ಥಿ ಸಂಘಗಳ ನಿಯಮದಲ್ಲಿ ಅಂಥವರನ್ನು ಕರೆಯಲು ಕಲಮು ಇಲ್ಲ. ಶಾಲೆಯ ಸರ್ಟಿಫಿಕೇಟು ಬೇಕಲ್ಲ!

ನಮ್ಮವರ ಮೇಲೂ ಒಂದು ತಕರಾರು ಇದೆ, ಮುಚ್ಚಿಡುವುದಿಲ್ಲ. ಹುಡುಕುತ್ತ ಹೋದಾಗ ನಮ್ಮದೇ ಹಾಸ್ಟೆಲಿನಲ್ಲಿ ಉಂಡು ಬೆಳೆದ ಒಬ್ಬ ಸಾಹೇಬರ ಪತ್ತೆ ಹತ್ತಿತು. ಮೂವರು ಕೂಡಿ ಹೋದೆವು. ಒಳಗೆ ಕರೆದರು, ಚಹಾ ಕೊಟ್ಟರು, ಖುಷಿಯಿಂದಲೇ ಮಾತಾಡಿದರು. 'ಹಾಸ್ಟೆಲಿನ ಹಳೆಯ ವಿದ್ಯಾರ್ಥಿ' ಎಂದು ನಿಮ್ಮ ಹೆಸರು ಹಾಕುತ್ತೇವೆ ಎಂದ ಕೂಡಲೇ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದರು. "ಬ್ಯಾಡ ತಮ್ಮಾ. ಈ ಓಣ್ಯಾಗ ಯಾರಿಗೂ ಗೊತ್ತಿಲ್ಲ. ಮಗಳ ಲಗ್ನ ಐತಿ." 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರು ಓದಿದವರ ಮೇಲೆ ಸಂಕಟಪಟ್ಟದ್ದು ನೆನಪಾಯಿತು. ಹೊರಗೆ ಬಂದಾಗ ನಮಗೆ ಸಿಟ್ಟು ಬಂದಿತ್ತು. ಬಸ್ ಸ್ಟ್ಯಾಂಡಿಗೆ ಬರುವುದರೊಳಗೆ ಸಿಟ್ಟು ಅರ್ಧ ಇಳಿದಿತ್ತು. ಆ ಓಣಿಯಲ್ಲಿ ಬಾಡಿಗೆ ಮನೆ ಸಿಗುವುದಕ್ಕೆ ಅವರು ಏನೇನು ನುಂಗಿದ್ದಾರೋ. ಅವರ ಹೆಸರನ್ನು ನಾವು ಇಲ್ಲಿ ಹೇಳುವುದಿಲ್ಲ. ನಮ್ಮ ಪುಸ್ತಕದಲ್ಲಿ ಅವರಿಗೊಂದು ಸಾಲು ಖಾಲಿ ಬಿಟ್ಟಿದ್ದೇವೆ, ಬೇಕಾದಾಗ ಬಂದು ತಾವೇ ಬರೆಯಲಿ.

ರಾಮದುರ್ಗದ ಕಡೆ ಒಬ್ಬ ಅಜ್ಜ ಸಿಕ್ಕ. ಅವರ ಕೇರಿಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಪರೀಕ್ಷೆ ಪಾಸಾಗಲಿಲ್ಲ. ಆದರೆ ಜಮೀನಿನ ನೋಟೀಸು, ಕೋರ್ಟಿನ ಸಮನ್ಸು, ಗೋವಾದಿಂದ ಗೌಂಡಿ ಮಕ್ಕಳು ಬರೆದ ಪತ್ರ, ಎಲ್ಲ ಕೇರಿಗೆ ಓದಿ ಹೇಳಿದ್ದು ಅವನೇ. "ಎಷ್ಟು ಓದಿರಿ ಅಜ್ಜಾ?" ಎಂದರೆ, "ನಾ ಎಲ್ಲಿ ಓದೇನಿ, ಬ್ಯಾರೇರ್ದು ಓದೇನಿ" ಎಂದ. ನಾವು ಬಿ.ಎ. ಮಾಡಿ ಕೇರಿಗೆ ಅಷ್ಟು ಓದಿಲ್ಲ.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಸನ್ಮಾನದ ಸಭೆಗೆ ಹೋಗೋಣ, ಬಹಿಷ್ಕಾರ ಬ್ಯಾಡ. ಖುರ್ಚಿ ಹಚ್ಚುವುದಿಲ್ಲ, ಖುರ್ಚಿಯ ಮೇಲೆ ಕೂಡುತ್ತೇವೆ. ಅದಕ್ಕೂ ಮುಂಚೆ ಹೆಡ್ ಮಾಸ್ತರರಿಗೆ ಅರ್ಜಿ ಕೊಡೋಣ: ಶಾಲೆ ತೆರೆದ ವರ್ಷದಿಂದ ಹಿಡಿದು ರಜಿಸ್ಟರು ನೋಡಗೊಡಿರಿ, ಪರಿಶಿಷ್ಟರ ಕೇರಿಗಳಿಂದ ಮೊದಲು ಹೆಸರು ಹಚ್ಚಿದ ಹುಡುಗ ಯಾರು, ಹುಡುಗಿ ಯಾರು, ಯಾವ ಇಯತ್ತೆಗೆ ಬಿಟ್ಟರು, ಬಿಟ್ಟ ಕಾರಣದ ಮುಂದೆ ಏನು ಬರೆದಿದೆ. ನಮ್ಮ ಊರುಗಳ ಒಂದಿಷ್ಟು ಹಳೆಯ ಸರ್ಟಿಫಿಕೇಟು ನೋಡಿದೆವು. ಅಲ್ಲೆಲ್ಲ ಕಾರಣ ಒಂದೇ: 'ದೀರ್ಘ ಗೈರುಹಾಜರಿ'. ಗೈರುಹಾಜರಿ ಯಾಕೆ ಎಂದು ಬರೆಯಲು ಜಾಗ ಇಲ್ಲ. ಆ ಜಾಗವನ್ನು ನಾವು ತುಂಬಬೇಕಾಗಿದೆ.

ಬರುವ ರವಿವಾರ ನಾಲ್ಕು ತಂಡ ಹೊರಡುತ್ತವೆ. ಬೈಲಹೊಂಗಲದ ತಂಡ ಬಸ್ ಸ್ಟ್ಯಾಂಡಿನಲ್ಲಿ ಮುಂಜಾನೆ ಏಳಕ್ಕೆ ಕೂಡಬೇಕು. ಕಿತ್ತೂರಿನವರು ಕೋಟೆಯ ಮುಂದೆ. ಸವದತ್ತಿಗೆ ತಂಗಿಯರೇ ಹೋಗುತ್ತಾರೆ, ತಾಯಂದಿರ ಹತ್ತಿರ ಮಾತಾಡುವುದು ಅವರಿಗೇ ಆದೀತು. ರಾಮದುರ್ಗದವರು ಶನಿವಾರ ರಾತ್ರಿಯೇ ಹೋಗಿ ಅಜ್ಜನ ಮನೆಯಲ್ಲಿ ಉಳಿಯುತ್ತಾರೆ. ಇನ್ನೂರು ಪುಟದ ಒಂದು ನೋಟುಬುಕ್ಕು ತಂದಿದ್ದೇವೆ. ಮೊದಲ ಪುಟದಲ್ಲಿ '1856, ಧಾರವಾಡ, ಹೆಸರು ಬರೆದಿಲ್ಲ' ಎಂದು ಬರೆದಾಗಿದೆ. ಬಸ್ ಚಾರ್ಜಿನ ಪಟ್ಟಿ ಇನ್ನೂ ಪೂರಾ ಆಗಿಲ್ಲ. ಎದ್ದು ಹೋಗುವ ಮುಂಚೆ ಕೈಲಾದಷ್ಟು ಹಾಕಿರಿ, ಟೊಪ್ಪಿಗೆ ನಿಮ್ಮ ಕಡೆ ಬರುತ್ತಿದೆ.